ಪರಿಹಾರೌಷಧದ ದುರುಪಯೋಗ: ಮನೋವೈದ್ಯದ ಇತಿಹಾಸದ ಒಂದು ಪ್ರಕರಣ

೧

ಔಷಧಗಳ ದುರುಪಯೋಗವೆಂದೊಡನೆ ಸಾಮಾನ್ಯವಾಗಿ ನಮ್ಮ ನೆನಪಿಗೆ ಬರುವುದು ಅಫೀಮು, ಗಾಂಜಾ, ನಿದ್ರೆಯ ಗುಳಿಗೆಗಳು ಮೊದಲಾದುವು. ಇವು ಸುಖವನ್ನೋ ಮರವೆಯನ್ನೋ ಕೊಡತಕ್ಕವೆಂಬುದು ಲೋಕವಿದಿತವಾದುದರಿಂದ, ಜನ ಇವಕ್ಕೆ ಏಕೆ ಮಾರುಹೋಗುತ್ತಾರೆಂದು ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಮನೋರೋಗ ಚಿಕಿತ್ಸೆಯ ಇತಿಹಾಸದಲ್ಲಿ ಇದಕ್ಕಿಂತ ವಿಲಕ್ಷಣವಾದ ಸಂಗತಿಯೊಂದು ಉಂಟು. ಚಿತ್ತಭ್ರಮೆಯನ್ನು ಅಡಗಿಸುವ ಮುಖ್ಯೌಷಧವು ರೋಗಿಯ ಮೈಯಲ್ಲಿ ನಡುಕವನ್ನೂ ಬಿಗಿತವನ್ನೂ ಹುಟ್ಟಿಸುತ್ತದೆ. ಆ ನಡುಕ ಬಿಗಿತಗಳನ್ನು ಕಳೆಯುವುದಕ್ಕಾಗಿ ವೈದ್ಯರು ಎರಡನೆಯದೊಂದು ಗುಳಿಗೆಯನ್ನು ಜೊತೆಗೂಡಿಸುತ್ತಾರೆ. ಈ ಎರಡನೆಯ ಗುಳಿಗೆ ಚಿತ್ತದ ರೋಗವನ್ನು ಗುಣಪಡಿಸುವುದಿಲ್ಲ, ನಿದ್ರೆಯನ್ನು ತರುವುದಿಲ್ಲ, ನೋವನ್ನು ನೀಗುವುದಿಲ್ಲ. ಅದು ಕೇವಲ ಪರಿಹಾರೌಷಧ. ಹೀಗಿದ್ದರೂ ರೋಗಿಗಳಲ್ಲಿ ಕೆಲವರು ಮುಖ್ಯೌಷಧವನ್ನು ಬೇಡವೆಂದು ತಳ್ಳಿ ಈ ಪರಿಹಾರೌಷಧವನ್ನು ಮಾತ್ರ ಬೇಡಿ ಪಡೆದರು; ಹೇಳಿದ ಪ್ರಮಾಣಕ್ಕಿಂತ ಹೆಚ್ಚಾಗಿ ನುಂಗಿದರು; ಕೂಡಿಟ್ಟರು; ಒಬ್ಬರಿಂದೊಬ್ಬರು ಕೊಂಡರು, ಮಾರಿದರು.

ಟ್ರೈಹೆಕ್ಸಿಫೆನಿಡಿಲ್, ಬೆಂಜ್‌ಟ್ರೊಪೀನ್, ಬೈಪೆರಿಡೆನ್, ಪ್ರೊಸೈಕ್ಲಿಡೀನ್ ಎಂಬ ಹೆಸರಿನ ಈ ಔಷಧಗಳನ್ನು ಶಾಸ್ತ್ರದಲ್ಲಿ ಆಂಟಿಕೋಲಿನರ್ಜಿಕ್ ವರ್ಗಕ್ಕೆ ಸೇರಿಸುತ್ತಾರೆ. ನರಗಳ ತುದಿಯಲ್ಲಿ ಒಸರುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯದ ಕೆಲಸಕ್ಕೆ ಅಡ್ಡಬರುವುದರಿಂದ ಅವಕ್ಕೆ ಈ ಹೆಸರು. ಇವುಗಳ ದುರುಪಯೋಗವನ್ನು ಕುರಿತು ವೈದ್ಯಪತ್ರಿಕೆಗಳಲ್ಲಿ ೧೯೬೦ರಿಂದೀಚೆಗೆ ಸಾಕಷ್ಟು ಬರೆಹಗಳು ಪ್ರಕಟವಾಗಿವೆ. ಅವುಗಳಲ್ಲಿ ಬಹುಪಾಲು ಇದನ್ನು ರೋಗಿಯ ದೋಷವೆಂದೇ ವಿವರಿಸಿವೆ. ಈ ವಿವರಣೆ ಪೂರ್ಣವೇ? ದುರುಪಯೋಗವೆಂಬ ಮಾತನ್ನು ರೋಗಿಗೆ ಮಾತ್ರ ಅನ್ವಯಿಸಿದರೆ ಸಾಕೆ, ಅಥವಾ ಔಷಧದ ಚೀಟಿಯನ್ನು ಬರೆದ ಕೈಗೂ ಅದರಲ್ಲಿ ಪಾಲುಂಟೆ? ಈ ಪ್ರಶ್ನೆಯನ್ನು ಚಾರಿತ್ರಿಕ ಕ್ರಮದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಈ ಗುಳಿಗೆಗಳು ಇಪ್ಪತ್ತನೆಯ ಶತಮಾನದ ರಸಾಯನಶಾಲೆಗಳಲ್ಲಿ ಹುಟ್ಟಿದುವಾದರೂ ಅವುಗಳ ವಂಶ ಬಹು ಪುರಾತನವಾದುದು. ದತ್ತೂರ, ಬೆಲಡೋನ, ಖುರಾಸಾನಿ ಅಜವಾನ ಎಂಬ ಗಿಡಗಳೆಲ್ಲ ಒಂದೇ ಕುಲಕ್ಕೆ ಸೇರಿದುವು. ಬದನೆಯೂ ಆಲೂಗಡ್ಡೆಯೂ ಇದೇ ಕುಲದವೇ. ಅಮರಕೋಶವು ದತ್ತೂರಕ್ಕೆ ಹೇಳುವ ಹೆಸರುಗಳಲ್ಲಿ ಉನ್ಮತ್ತ, ಕಿತವ, ಧೂರ್ತ ಎಂಬುವು ಸೇರಿವೆ. ಮೊದಲನೆಯದು ಗಿಡವನ್ನು ತಿಂದವನ ಸ್ಥಿತಿಯನ್ನು ಸೂಚಿಸುತ್ತದೆ. ಮಿಕ್ಕ ಎರಡು, ತಿನ್ನಿಸಿದವನ ಸ್ವಭಾವವನ್ನು ಸೂಚಿಸುತ್ತವೆಯೆಂದು ಊಹಿಸಬಹುದು. ಕನ್ನಡದ 'ಉಮ್ಮತ್ತ'ವು 'ಉನ್ಮತ್ತ'ದ ತದ್ಭವವೇ. ಅಂದಮೇಲೆ ಈ ದ್ರವ್ಯವು ಚಿತ್ತವನ್ನು ಕೆಡಿಸುತ್ತದೆಂಬ ಅರಿವು ನಮ್ಮ ಭಾಷೆಯಲ್ಲಿಯೇ ಅಡಗಿದೆಯೆನ್ನಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ದಾರಿಹೋಕರಿಗೆ ದತ್ತೂರದ ಬೀಜವನ್ನು ಆಹಾರದಲ್ಲಿ ಬೆರೆಸಿಕೊಟ್ಟು, ಅವರು ಮೈಮರೆತಾಗ ದೋಚುವ ಕಳ್ಳರು ಉತ್ತರ ಭಾರತದಲ್ಲಿ ಪ್ರಬಲರಾಗಿದ್ದರು. ನಾರ್ಮನ್ ಚೆವರ್ಸ್ ಎಂಬ ವೈದ್ಯನು ೧೮೫೬ರಲ್ಲಿ ಪ್ರಕಟಿಸಿದ ವೈದ್ಯಕೀಯ ನ್ಯಾಯಶಾಸ್ತ್ರದ ಕೈಪಿಡಿಯಲ್ಲಿ ಈ ವಿಷಯಕ್ಕೆ ಗಣನೀಯವಾದ ಸ್ಥಾನ ದೊರೆತಿದೆ.

೧೮೩೩ರಲ್ಲಿ ಜರ್ಮನಿಯ ಗೈಗರ್ ಮತ್ತು ಹೆಸ್ಸೆ ಎಂಬ ವಿದ್ವಾಂಸರು ಬೆಲಡೋನದಿಂದ ಅಟ್ರೊಪೀನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಜೇಮ್ಸ್ ಪಾರ್ಕಿನ್ಸನ್ನನು ೧೮೧೭ರಲ್ಲಿ ವರ್ಣಿಸಿದ ನಡುಕದ ರೋಗಕ್ಕೆ, ಎಂದರೆ ನಮ್ಮ ವೈದ್ಯರು ಕಂಪವಾತವೆಂದು ಕರೆಯುವುದಕ್ಕೆ, ಈ ಗಿಡಗಳ ಸಾರವನ್ನು ಪ್ಯಾರಿಸಿನಲ್ಲಿ ಶಾರ್ಕೋ ಎಂಬ ಪ್ರಸಿದ್ಧ ನರವೈದ್ಯನೂ ಅವನ ಶಿಷ್ಯ ಆರ್ಡೆನ್‌ಸ್ಟೈನನೂ ೧೮೬೦ರ ದಶಕದಲ್ಲಿ ಪ್ರಯೋಗಿಸಿದರು. ಗುಣ ಕಂಡಿತು, ಕಾರಣ ಮಾತ್ರ ತಿಳಿಯಲಿಲ್ಲ. ೧೯೨೧ರಲ್ಲಿ ಆಟೋ ಲೊವಿಯು ಕಪ್ಪೆಯ ಹೃದಯದ ಮೇಲೆ ನಡೆಸಿದ ಪ್ರಯೋಗದಿಂದ, ನರವು ತನ್ನ ಸಂದೇಶವನ್ನು ರಾಸಾಯನಿಕ ದ್ರವ್ಯದ ಮೂಲಕ ಮುಟ್ಟಿಸುತ್ತದೆಂಬುದು ಸಿದ್ಧವಾಯಿತು. ಆ ದ್ರವ್ಯವೇ ಅಸಿಟೈಲ್‌ಕೋಲಿನ್. ಅಟ್ರೊಪೀನು ಅದನ್ನು ತಡೆಯುತ್ತದೆ. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಎದೆಬಡಿತ ಹೆಚ್ಚುವುದು, ಮೂತ್ರ ಕಟ್ಟುವುದು, ಕೊನೆಗೆ ಬುದ್ಧಿ ಭ್ರಮಿಸುವುದು, ಇವೆಲ್ಲ ಆ ತಡೆಯ ಫಲಗಳು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಬ್ಬಿದ ನಿದ್ರಾಮಸ್ತಿಷ್ಕಜ್ವರವು ಈ ಇತಿಹಾಸಕ್ಕೆ ಹೊಸ ತಿರುವನ್ನು ಕೊಟ್ಟಿತು. ವಿಯೆನ್ನದ ಫಾನ್ ಎಕೊನೊಮೊ ೧೯೧೭ರಲ್ಲಿ ವರ್ಣಿಸಿದ ಈ ಸಾಂಕ್ರಾಮಿಕದಿಂದ ಬದುಕುಳಿದವರಲ್ಲಿ ಅನೇಕರು ಚಿಕ್ಕ ವಯಸ್ಸಿನಲ್ಲಿಯೇ ಕಂಪವಾತಕ್ಕೆ ತುತ್ತಾಗಿ ಮರಗಟ್ಟಿ ಹೋದರು. ಅವರಿಗೆ ಇವಾನ್ ರಾಯೆಫ್ ಎಂಬ ಬಲ್ಗೇರಿಯದ ನಾಟಿವೈದ್ಯನು ಬೆಲಡೋನದ ಬೇರನ್ನು ದ್ರಾಕ್ಷಾಮದ್ಯದಲ್ಲಿ ಕುದಿಸಿ ಕೊಡುತ್ತಿದ್ದನು. ಇಟಲಿಯ ರಾಣಿ ಎಲೆನಾ ೧೯೩೦ರ ದಶಕದಲ್ಲಿ ಈ 'ಬಲ್ಗೇರಿಯದ ಚಿಕಿತ್ಸೆ'ಗೆ ಆಶ್ರಯವಿತ್ತಳು. ಗಿಡದ ಸಾರಕ್ಕೆ ಬದಲಾಗಿ ಕೃತಕವಾಗಿ ತಯಾರಿಸಬಹುದಾದ, ಮೈಗಿಂತ ಮಿದುಳಿನ ಮೇಲೆ ಹೆಚ್ಚಾಗಿ ಕೆಲಸಮಾಡುವ ದ್ರವ್ಯಕ್ಕಾಗಿ ನಡೆದ ಶೋಧದ ಫಲವೇ ಟ್ರೈಹೆಕ್ಸಿಫೆನಿಡಿಲ್. ಕಂಪವಾತದಲ್ಲಿ ಅದರ ಉಪಯೋಗವನ್ನು ಕಾರ್ಬಿನ್ ಎಂಬ ಅಮೆರಿಕದ ವೈದ್ಯನು ೧೯೪೯ರಲ್ಲಿ ವರದಿಮಾಡಿದನು. ಅದು ಅಮೆರಿಕದಲ್ಲಿ ಆರ್ಟೇನ್ ಎಂದೂ, ನಮ್ಮಲ್ಲಿ ಪ್ಯಾಸಿಟೇನ್ ಎಂದೂ, ರಷ್ಯದಲ್ಲಿ ಸೈಕ್ಲೊಡಾಲ್ ಎಂದೂ ಮಾರಾಟಕ್ಕೆ ಬಂದಿತು. ಬ್ರಿಟನ್ನಿನ ವೈದ್ಯರು ಅದನ್ನು ಬಹುಕಾಲ ಬೆಂಜ್‌ಹೆಕ್ಸಾಲ್ ಎಂದು ಕರೆದರು. ಮೈಯ ಮೇಲಣ ಪರಿಣಾಮ ಕಡಮೆ, ಮಿದುಳಿನ ಮೇಲಣ ಪರಿಣಾಮ ಹೆಚ್ಚು ಎಂಬುದನ್ನು ಅಂದು ಈ ಔಷಧದ ಗುಣವೆಂದು ಎಣಿಸಿದರು. ಮುಂದೆ ಅದರ ದುರುಪಯೋಗಕ್ಕೂ ಆ ಗುಣವೇ ಕಾರಣವಾಯಿತು.

೩

ಈ ಔಷಧ ಕಂಪವಾತದ ರೋಗಿಗಳಲ್ಲಿಯೇ ಉಳಿದಿದ್ದರೆ ನಮ್ಮ ಪ್ರಶ್ನೆ ಬಹುಶಃ ಏಳುತ್ತಿರಲಿಲ್ಲ. ಅದನ್ನು ಮನೋರೋಗಿಗಳ ಕೈಗೆ ತಂದಿತ್ತುದು ಕ್ಲೋರ್‌ಪ್ರೊಮಜೀನ್. ಫ್ರಾನ್ಸಿನಲ್ಲಿ ೧೯೫೦ರ ಡಿಸೆಂಬರ್ ತಿಂಗಳಲ್ಲಿ ಶಾರ್ಪಾಂತಿಯೆ ಎಂಬ ರಸಾಯನಜ್ಞನು ತಯಾರಿಸಿದ ಈ ದ್ರವ್ಯವನ್ನು ೧೯೫೨ರಲ್ಲಿ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಅಬ್ಬರಿಸುತ್ತಿದ್ದವರು ಶಾಂತರಾದರು, ಭ್ರಮೆಗಳು ಇಳಿದುವು. ಸುಮಾರು ಅದೇ ಕಾಲಕ್ಕೆ ಸರ್ಪಗಂಧದ ಬೇರಿನಿಂದ ೧೯೫೨ರಲ್ಲಿ ಬೇರ್ಪಡಿಸಿದ ರೆಸರ್ಪೀನು ಕೂಡ ಪಶ್ಚಿಮದ ಮಾನಸಿಕ ಆಸ್ಪತ್ರೆಗಳನ್ನು ಪ್ರವೇಶಿಸಿತು. ಈ ಬೇರಿನ ಗುಣವನ್ನು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ೧೯೩೧ರಷ್ಟು ಹಿಂದೆಯೇ ವೈದ್ಯಪತ್ರಿಕೆಯಲ್ಲಿ ವಿವರಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು.

ಆದರೆ ಈ ಎರಡು ಔಷಧಗಳೂ ಒಂದು ಸಮಾನವಾದ ತೊಡಕನ್ನು ತಂದೊಡ್ಡಿದುವು. ಇವನ್ನು ಸೇವಿಸಿದ ರೋಗಿಗಳ ಮುಖ ಭಾವಶೂನ್ಯವಾಗುತ್ತಿತ್ತು; ಕೈ ನಡುಗುತ್ತಿತ್ತು; ನಡಗೆ ತುಂಡುತುಂಡಾಗುತ್ತಿತ್ತು. ಸ್ವಿಟ್ಜರ್ಲೆಂಡಿನ ಸ್ಟೆಕ್ ಎಂಬ ವೈದ್ಯನು ೧೯೫೪ರಲ್ಲಿ ಇದನ್ನು ಕಂಪವಾತದ ಪ್ರತಿರೂಪವೆಂದು ಗುರುತಿಸಿದನು. ಇದನ್ನು ಔಷಧದ ದೋಷವೆಂದು ಎಲ್ಲರೂ ಭಾವಿಸಲಿಲ್ಲವೆಂಬುದು ಗಮನಾರ್ಹ. ಜರ್ಮನಿಯ ಹಾಸೆಯು, ರೋಗಿಯ ಕೈಬರೆಹದಲ್ಲಿ ಬಿಗಿತದ ಮೊದಲ ಸುಳಿವು ಕಾಣುವಷ್ಟು ಔಷಧವನ್ನು ಕೊಟ್ಟಾಗಲೇ ಚಿಕಿತ್ಸೆಯ ಹೊಸ್ತಿಲನ್ನು ಮುಟ್ಟಿದಂತೆಂದು ವಾದಿಸಿದನು. ಅವನು ಹೇಳಿದುದು ಬರೆಹದಲ್ಲಿ ಮಾತ್ರ ಕಾಣುವ ಸೂಕ್ಷ್ಮವಾದ ಬಿಗಿತವನ್ನು. ಆದರೆ ವಾಡಿಕೆಯಲ್ಲಿ, ನಡುಕ ಬಾರದಿದ್ದರೆ ಔಷಧ ಹಿಡಿದಿಲ್ಲವೆಂಬ ಒರಟಾದ ನಂಬಿಕೆಯೂ ಬೆಳೆಯಿತು. ಹಾಗೆ ನಂಬಿದವರಿಗೆ ರೋಗಿಯ ಮೈಬಿಗಿತವು ತಪ್ಪಿಸಬೇಕಾದ ಅನಿಷ್ಟವಾಗಿರದೆ, ಬರಮಾಡಿಕೊಂಡು ಅನಂತರ ಸರಿಪಡಿಸಬೇಕಾದ ಸಂಗತಿಯಾಯಿತು. ಸರಿಪಡಿಸುವುದಕ್ಕೆ ಆರ್ಟೇನ್ ಮೊದಲಾದುವು ಸಿದ್ಧವಾಗಿಯೇ ಇದ್ದುವು.

ಇದರ ಹಿಂದಿನ ಶಾರೀರಿಕ ತತ್ತ್ವ ಬೆಳಕಿಗೆ ಬಂದುದು ಸ್ವಲ್ಪ ತಡವಾಗಿ. ಡೋಪಮೀನ್ ಎಂಬ ದ್ರವ್ಯಕ್ಕೆ ಮಿದುಳಿನಲ್ಲಿ ಸ್ವತಂತ್ರವಾದ ಕಾರ್ಯವುಂಟೆಂದು ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ೧೯೫೦ರ ದಶಕದ ಕೊನೆಯಲ್ಲಿ ತೋರಿಸಿದನು. ಕಂಪವಾತದಿಂದ ಸತ್ತವರ ಮಿದುಳಿನಲ್ಲಿ ಡೋಪಮೀನ್ ಕುಗ್ಗಿರುವುದನ್ನು ವಿಯೆನ್ನದ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್ ೧೯೬೦ರಲ್ಲಿ ಪ್ರಕಟಿಸಿದರು. ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗದಲ್ಲಿ ಡೋಪಮೀನೂ ಅಸಿಟೈಲ್‌ಕೋಲಿನೂ ತಕ್ಕಡಿಯ ಎರಡು ತಟ್ಟೆಗಳಂತೆ ಇವೆಯೆಂದು ಸ್ಥೂಲವಾಗಿ ಹೇಳಬಹುದು. ಮನೋರೋಗದ ಔಷಧವು ಡೋಪಮೀನಿನ ಕೆಲಸವನ್ನು ತಡೆದಾಗ ಆ ತಟ್ಟೆ ಹಗುರಾಗುತ್ತದೆ. ಅಸಿಟೈಲ್‌ಕೋಲಿನ್ನಿನ ತಟ್ಟೆಯನ್ನೂ ಹಗುರಮಾಡಿ ಸಮತೂಕಕ್ಕೆ ತರುವುದೇ ಪರಿಹಾರೌಷಧದ ಕೆಲಸ.

ಕ್ರಮೇಣ ಎರಡು ಔಷಧಗಳನ್ನೂ ಒಟ್ಟಿಗೆ ಬರೆಯುವುದು ವಾಡಿಕೆಯಾಯಿತು. ನಡುಕ ಕಂಡವರಿಗೆ ಮಾತ್ರವಲ್ಲ, ಕಾಣದವರಿಗೂ ಮುನ್ನೆಚ್ಚರಿಕೆಯೆಂದು ಕೊಟ್ಟರು. ಒಮ್ಮೆ ಬರೆದುದನ್ನು ವರ್ಷಗಟ್ಟಲೆ ಮುಂದುವರಿಸಿದರು. ಭಾರತದ ಔಷಧದ ಪೇಟೆಯಲ್ಲಿ ಈ ವಾಡಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟ್ರೈಫ್ಲುಪೆರಜೀನ್ ಮತ್ತು ಟ್ರೈಹೆಕ್ಸಿಫೆನಿಡಿಲ್‌ಗಳೆರಡನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಮಾರುವ ಕ್ರಮ ಬಂದಿತು. ಕ್ಲೋರ್‌ಪ್ರೊಮಜೀನನ್ನೂ ಕೂಡಿಸಿದ ಮೂರರ ಮಿಶ್ರಣಗಳೂ ಇವೆ. ಇದರಿಂದ ರೋಗಿಗೆ ನುಂಗುವ ಗುಳಿಗೆಗಳ ಸಂಖ್ಯೆ ಕಡಮೆಯಾಗುತ್ತದೆಂಬುದು ನಿಜ. ಆದರೆ ಪರಿಹಾರೌಷಧವು ಈ ರೋಗಿಗೆ ಈಗ ಬೇಕೇ ಬೇಡವೇ ಎಂದು ಪ್ರತ್ಯೇಕವಾಗಿ ಆಲೋಚಿಸುವ, ಬೇಡವಾದಾಗ ಅದೊಂದನ್ನೇ ಮೆಲ್ಲನೆ ಇಳಿಸುವ ಅವಕಾಶ ಇದರಲ್ಲಿ ಉಳಿಯುವುದಿಲ್ಲ.

೪

ಟ್ರೈಹೆಕ್ಸಿಫೆನಿಡಿಲ್‌ನ ದುರುಪಯೋಗದ ಮೊದಲ ವರದಿಯೆಂದು ಸಾಮಾನ್ಯವಾಗಿ ಎಣಿಸುವುದು ಬೊಲಿನ್ ಎಂಬ ವೈದ್ಯನು ೧೯೬೦ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಬರೆಹವನ್ನು. ಆಮೇಲೆ ಬೇರೆಬೇರೆ ದೇಶಗಳಿಂದ ಬಿಡಿಬಿಡಿಯಾದ ವರದಿಗಳು ಬಂದುವು. ೧೯೭೮ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ರೂಬಿನ್‌ಸ್ಟೈನ್ ಎಂಬವರು, ಈ ಔಷಧವನ್ನು ಪಡೆಯುವುದಕ್ಕಾಗಿ ರೋಗಿಗಳು ಮೈಬಿಗಿತವನ್ನು ನಟಿಸುತ್ತಾರೆಂದು ಬರೆದರು. ೧೯೮೦ರಲ್ಲಿ ಸ್ಮಿತ್ ಎಂಬವರು ಅದುವರೆಗಿನ ಬರೆಹಗಳನ್ನೆಲ್ಲ ಸಮೀಕ್ಷಿಸಿದರು. ೧೯೮೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ ಲೇಖನವೊಂದು, ಇದು ಎಲ್ಲೆಡೆ ಕಾಣುವ ಸಮಸ್ಯೆಯೇ ಎಂಬ ಪ್ರಶ್ನೆಯನ್ನು ತನ್ನ ಶೀರ್ಷಿಕೆಯಲ್ಲಿಯೇ ಎತ್ತಿತು. ಅಂದರೆ ಇಪ್ಪತ್ತೈದು ವರ್ಷಗಳಲ್ಲಿ ಈ ಸಂಗತಿಯು ವೈದ್ಯರ ಕಣ್ಣಿಗೆ ಕುತೂಹಲದ ಅಪವಾದವಾಗಿದ್ದುದು ಹೋಗಿ ವಾರ್ಡುಗಳ ದೈನಂದಿನ ತೊಡಕಾಗಿ ಮಾರ್ಪಟ್ಟಿತ್ತು.

ರೋಗಿಗಳು ಈ ಗುಳಿಗೆಯಲ್ಲಿ ಏನನ್ನು ಕಂಡರು? ಹೇಳಿದ ಪ್ರಮಾಣವನ್ನು ಮೀರಿದಾಗ ಕೆಲವರಲ್ಲಿ ಉಲ್ಲಾಸ, ಚುರುಕು, ಮಾತಿನ ಉತ್ಸಾಹ ಕಾಣುತ್ತವೆ. ಪ್ರಮಾಣ ಇನ್ನೂ ಏರಿದರೆ ಹಳೆಯ ದತ್ತೂರದ ಉನ್ಮಾದವೇ ಎದುರಾಗುತ್ತದೆ: ಇಲ್ಲದ ವ್ಯಕ್ತಿಗಳೊಡನೆ ಸಂಭಾಷಣೆ, ಹೊತ್ತು ಸ್ಥಳಗಳ ಅರಿವುಗೇಡಿತನ, ಜ್ವರ, ಕೆಲವು ವೇಳೆ ಪ್ರಾಣಾಪಾಯ. ಈ ಸ್ಥಿತಿಯನ್ನು ಮೂಲರೋಗದ ಮರುಕಳಿಕೆಯೆಂದು ವೈದ್ಯನು ತಪ್ಪಾಗಿ ತಿಳಿದು ಮುಖ್ಯೌಷಧವನ್ನು ಏರಿಸಿದರೆ ಬಿಗಿತ ಹೆಚ್ಚುತ್ತದೆ. ಬಿಗಿತಕ್ಕೆಂದು ಪರಿಹಾರೌಷಧವನ್ನೂ ಏರಿಸಿದರೆ ಉನ್ಮಾದ ಹೆಚ್ಚುತ್ತದೆ. ಉಲ್ಲಾಸದ ಕಾರಣಕ್ಕೆ ಒಂದು ಸುಳಿವು ದೊರೆತುದು ೧೯೬೯ರಲ್ಲಿ. ಕೋಯ್ಲ್ ಮತ್ತು ಸ್ನೈಡರ್ ಎಂಬ ಅಮೆರಿಕದ ವಿಜ್ಞಾನಿಗಳು, ಈ ಔಷಧಗಳು ಅಸಿಟೈಲ್‌ಕೋಲಿನ್ನನ್ನು ತಡೆಯುವುದಷ್ಟೇ ಅಲ್ಲದೆ, ಒಸರಿದ ಡೋಪಮೀನನ್ನು ನರಗಳು ಮತ್ತೆ ಹೀರಿಕೊಳ್ಳುವುದನ್ನೂ ತಡೆಯುತ್ತವೆಂದು ತೋರಿಸಿದರು. ಡೋಪಮೀನು ಚಲನೆಗೆ ಮಾತ್ರವಲ್ಲದೆ ಉತ್ಸಾಹ ಸಂತೋಷಗಳಿಗೂ ಸಂಬಂಧಪಟ್ಟುದೆಂದು ಇಂದು ನಾವು ಬಲ್ಲೆವು. ಮುಖ್ಯೌಷಧವು ಯಾವ ದ್ವಾರವನ್ನು ಮುಚ್ಚುತ್ತಿದ್ದಿತೋ ಅದನ್ನು ಪರಿಹಾರೌಷಧವು ಕೊಂಚ ತೆರೆಯುತ್ತಿದ್ದಿರಬಹುದು.

ಇನ್ನೊಂದು ಹೊರಗಿನ ಕಾರಣವನ್ನೂ ಗಮನಿಸಬೇಕು. ೧೯೬೦ರ ದಶಕದ ಉತ್ತರಾರ್ಧದಿಂದ ಫ್ಲುಫೆನಜೀನ್ ಮೊದಲಾದ ಮುಖ್ಯೌಷಧಗಳು ವಾರಗಟ್ಟಲೆ ಮೈಯಲ್ಲಿ ನಿಲ್ಲುವ ಸೂಜಿಮದ್ದಿನ ರೂಪದಲ್ಲಿ ದೊರೆತುವು. ರೋಗಿ ಆಸ್ಪತ್ರೆಯಿಂದ ಮನೆಗೆ ಮರಳಿದನು. ಆದರೆ ಸೂಜಿ ದಾದಿಯ ಕೈಯಲ್ಲಿಯೇ ಉಳಿಯಿತು. ರೋಗಿಯ ಕೈಗೆ, ಅವನ ಇಚ್ಛೆಗೆ, ಬಿಟ್ಟಿದ್ದುದು ಪರಿಹಾರದ ಗುಳಿಗೆಯೊಂದೇ. ತನ್ನ ಚಿಕಿತ್ಸೆಯಲ್ಲಿ ತಾನು ಏರಿಸಬಹುದಾದ, ಇಳಿಸಬಹುದಾದ, ಕೊಡಬಹುದಾದ, ಮಾರಬಹುದಾದ ವಸ್ತು ಅದೊಂದೇ ಆಗಿದ್ದಾಗ, ದುರುಪಯೋಗವೂ ಅಲ್ಲಿಯೇ ಕಾಣಿಸಿಕೊಂಡುದು ಸಹಜ.

೫

ಈಗ ಮುಖ್ಯ ಪ್ರಶ್ನೆಗೆ ಬರೋಣ. ರೋಗಿಯೊಬ್ಬನು ವೈದ್ಯರ ಬಳಿಗೆ ಬಂದು, 'ಸ್ವಾಮಿ, ಆ ಸಣ್ಣ ಗುಳಿಗೆಯನ್ನು ಇನ್ನಷ್ಟು ಕೊಡಿ' ಎಂದು ಬೇಡುತ್ತಾನೆಂದು ಭಾವಿಸೋಣ. ಈ ಬೇಡಿಕೆಗೆ ಎರಡು ಅರ್ಥಗಳು ಸಾಧ್ಯ. ಒಂದು: ಅವನು ಅಮಲಿಗಾಗಿ ಬೇಡುತ್ತಿದ್ದಾನೆ. ಇನ್ನೊಂದು: ಮುಖ್ಯೌಷಧವು ತಂದ, ಹೊರಗಿನವರ ಕಣ್ಣಿಗೆ ಕಾಣದ ಸಂಕಟದಿಂದ ಬಿಡುಗಡೆಗಾಗಿ ಬೇಡುತ್ತಿದ್ದಾನೆ. ೧೯೭೮ರ ಲೇಖನ ಮೊದಲನೆಯ ಅರ್ಥವನ್ನು ಎತ್ತಿ ಹಿಡಿಯಿತು. ಆದರೆ ಅದಕ್ಕೆ ಮೂರು ನಾಲ್ಕು ವರ್ಷ ಹಿಂದೆಯೇ ಎರಡನೆಯ ಅರ್ಥಕ್ಕೆ ಬಲವಾದ ಆಧಾರಗಳು ಪ್ರಕಟವಾಗಿದ್ದುವು.

ಪ್ರಾಗ್ ನಗರದ ಹಾಸ್ಕೊವೆಕ್ ಎಂಬ ವೈದ್ಯನು ೧೯೦೧ರಲ್ಲಿ ಅಕಥೀಸಿಯ ಎಂಬ ಶಬ್ದವನ್ನು ಟಂಕಿಸಿದ್ದನು. ಕುಳಿತಲ್ಲಿ ಕುಳಿತಿರಲಾರದ ಸ್ಥಿತಿ ಎಂದು ಅದರ ಅರ್ಥ. ಮನೋರೋಗದ ಔಷಧಗಳು ಇದೇ ಸ್ಥಿತಿಯನ್ನು ಹುಟ್ಟಿಸುತ್ತವೆಂದು ೧೯೫೦ರ ದಶಕದಲ್ಲಿ ಕಂಡುಬಂದಿತು. ಇದಕ್ಕೆ ಸಿಕ್ಕಿದವನು ಒಳಗೊಳಗೇ ತಳಮಳಿಸುತ್ತಾನೆ. ಕಾಲು ತಾನಾಗಿ ಆಡುತ್ತದೆ. ನಿಂತರೂ ನೆಮ್ಮದಿಯಿಲ್ಲ, ನಡೆದರೂ ನೆಮ್ಮದಿಯಿಲ್ಲ. ನೋಡುವವರಿಗೆ ಇದು ರೋಗದ ಉದ್ರೇಕದಂತೆಯೇ ತೋರುತ್ತದೆ. ೧೯೭೪ರಲ್ಲಿ ವಾನ್ ಪುಟೆನ್ ಎಂಬ ಅಮೆರಿಕದ ಮನೋವೈದ್ಯನು, ಸ್ಕಿಜೊಫ್ರೀನಿಯದ ರೋಗಿಗಳು ಔಷಧವನ್ನು ಏಕೆ ನಿರಾಕರಿಸುತ್ತಾರೆಂಬ ಪ್ರಶ್ನೆಯನ್ನೆತ್ತಿಕೊಂಡು, ಆ ನಿರಾಕರಣೆಗೂ ಇಂತಹ ಉಪದ್ರವಗಳಿಗೂ, ಅದರಲ್ಲಿಯೂ ಅಕಥೀಸಿಯಕ್ಕೂ ಇರುವ ಸಂಬಂಧವನ್ನು ತೋರಿಸಿದನು. ೧೯೭೫ರಲ್ಲಿ ರಿಫ್ಕಿನ್, ಕ್ವಿಟ್ಕಿನ್, ಕ್ಲೈನ್ ಎಂಬ ಮೂವರು ಔಷಧಜನ್ಯವಾದ ಇನ್ನೊಂದು ಸ್ಥಿತಿಯನ್ನು ವರ್ಣಿಸಿದರು. ನಡುಕವಾಗಲಿ ಎದ್ದು ಕಾಣುವ ಬಿಗಿತವಾಗಲಿ ಇಲ್ಲದೆ, ಮಾತು ಕಡಮೆಯಾಗಿ, ತಾನಾಗಿ ಏನನ್ನೂ ಮಾಡಲಾರದೆ, ಜೀವನದಲ್ಲಿ ರುಚಿಯಿಲ್ಲದೆ ರೋಗಿ ಸುಮ್ಮನೆ ಕೂರುವ ಸ್ಥಿತಿಯದು. ಇದನ್ನು ವೈದ್ಯರು ರೋಗದ ಶೇಷವೆಂದೋ ಮನಸ್ಸಿನ ಖಿನ್ನತೆಯೆಂದೋ ತಿಳಿಯುತ್ತಿದ್ದರು. ಈ ಸ್ಥಿತಿಗೆ ಟ್ರೈಹೆಕ್ಸಿಫೆನಿಡಿಲ್ ಮೊದಲಾದುವು ಗುಣಕಾರಿಗಳು.

ಈ ಬರೆಹಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಕಹಿಯಾದ ನಿರ್ಣಯ ಅನಿವಾರ್ಯವಾಗುತ್ತದೆ. ನಡುಕ ಬಿಗಿತಗಳನ್ನು ವೈದ್ಯನು ಕಣ್ಣಿನಿಂದ ನೋಡಬಹುದು, ಕೈಯಿಂದ ಮುಟ್ಟಿ ತಿಳಿಯಬಹುದು. ಒಳಗಿನ ತಳಮಳವನ್ನೂ ನಿರುತ್ಸಾಹವನ್ನೂ ಮುಖ್ಯವಾಗಿ ರೋಗಿಯ ಮಾತಿನಿಂದಲೇ ತಿಳಿಯಬೇಕು. ಆದರೆ ಮನೋರೋಗಿಯ ಮಾತಿಗೆ ಪ್ರಾಮಾಣ್ಯವಿಲ್ಲವೆಂಬುದು ಮಾನಸಿಕ ಆಸ್ಪತ್ರೆಗಳಷ್ಟೇ ಹಳೆಯದಾದ ಭಾವನೆ. ಹೀಗಾಗಿ ಯಾರ ಸಂಕಟ ಕಣ್ಣಿಗೆ ಕಾಣುವಂತಹುದೋ ಅವನ ಬೇಡಿಕೆ ಚಿಕಿತ್ಸೆಯೆನ್ನಿಸಿಕೊಂಡಿತು. ಯಾರ ಸಂಕಟ ಕಾಣದೋ ಅವನ ಬೇಡಿಕೆ ದುರುಪಯೋಗವೆನ್ನಿಸಿಕೊಂಡಿತು. ನಟನೆಯೆಂದು ವೈದ್ಯರು ಕರೆದುದರಲ್ಲಿ ಸ್ವಲ್ಪ ಭಾಗವಾದರೂ, ನಂಬಿಕೆಗೆ ಪಾತ್ರವಾಗದ ನಿಜವಾದ ದುಃಖವನ್ನು ನಂಬಿಕೆಗೆ ಪಾತ್ರವಾಗುವ ಲಕ್ಷಣಗಳ ಭಾಷೆಯಲ್ಲಿ ಹೇಳುವ ಯತ್ನವಾಗಿರಬಹುದಲ್ಲವೆ?

ಹಾಗೆಂದು ಎಲ್ಲ ಬೇಡಿಕೆಯೂ ಸಂಕಟದ ಬೇಡಿಕೆಯೇ ಎಂದು ವಾದಿಸುವುದು ಇನ್ನೊಂದು ಅತಿಗೆ ಹೋದಂತೆ. ಆಸ್ಟ್ರೇಲಿಯದಲ್ಲಿ ರೋಗಿಗಳನ್ನೇ ಕೇಳಿ ತಿಳಿದು ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮಲಿನ ಅನುಭವ, ಖಿನ್ನತೆಯಿಂದ ಬಿಡುಗಡೆ, ಚೈತನ್ಯದ ಹೆಚ್ಚಳ, ವಿಶ್ರಾಂತಿ ಎಂಬ ನಾನಾ ಕಾರಣಗಳು ವ್ಯಕ್ತವಾಗಿವೆ. ಇವು ಒಬ್ಬನಲ್ಲಿಯೇ ಬೆರೆತಿರುವುದೂ ಸಾಧ್ಯ. ಇದಲ್ಲದೆ, ಮನೋರೋಗವಾಗಲಿ ಮೈಬಿಗಿತವಾಗಲಿ ಇಲ್ಲದವರೂ ಈ ಗುಳಿಗೆಗೆ ಮಾರುಹೋದ ನಿದರ್ಶನಗಳು ಉಂಟು. ಸೋವಿಯತ್ ಒಕ್ಕೂಟದಲ್ಲಿ ೧೯೭೦ ಮತ್ತು ೧೯೮೦ರ ದಶಕಗಳಲ್ಲಿ ಸೈಕ್ಲೊಡಾಲ್ ಹರೆಯದವರ ಅಮಲಿನ ವಸ್ತುವಾಗಿದ್ದಿತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಆರ್ಟೇನಿನ ದುರ್ವ್ಯಸನ ದಾಖಲಾಗಿದೆ. ಇರಾಕಿನಲ್ಲಿ ೨೦೦೩ರ ಯುದ್ಧದ ತರುವಾಯ ದುರುಪಯೋಗಕ್ಕೆ ಸಿಕ್ಕಿದ ಗುಳಿಗೆಗಳಲ್ಲಿ ಇದೂ ಒಂದು. ಆದುದರಿಂದ ಈ ದ್ರವ್ಯಕ್ಕೆ ತನ್ನದೇ ಆದ ಆಕರ್ಷಣೆಯುಂಟೆಂಬುದನ್ನು ಅಲ್ಲಗಳೆಯಲಾಗದು. ಇಷ್ಟಾದರೂ ೧೯೭೧ರ ಅಂತರರಾಷ್ಟ್ರೀಯ ಮನೋದ್ರವ್ಯ ಒಪ್ಪಂದದ ಪಟ್ಟಿಗಳಲ್ಲಿ ಇದು ಸೇರಿಲ್ಲ.

೬

ರೋಗಿಯ ಕಡೆಯನ್ನು ನೋಡಿದಂತೆ ಚೀಟಿ ಬರೆಯುವವರ ಕಡೆಯನ್ನೂ ನೋಡುವುದು ನ್ಯಾಯ. ಈ ಔಷಧಗಳನ್ನು ಅತಿಯಾಗಿ ಬರೆಯಲಾಗುತ್ತಿದೆಯೆಂದು ಡಿಮಾಸಿಯೊ ಮತ್ತು ಡೆಮಿರ್ಜಿಯನ್ ಎಂಬವರು ೧೯೭೦ರಲ್ಲಿಯೇ ಎಚ್ಚರಿಸಿದರು. ೧೯೭೨ರಲ್ಲಿ ಕ್ಲೆಟ್ ಮತ್ತು ಕ್ಯಾಫೆ ಎಂಬವರು ಬಹುಕಾಲದ ರೋಗಿಗಳಲ್ಲಿ ಪರಿಹಾರೌಷಧವನ್ನು ನಿಲ್ಲಿಸಿ ನೋಡಿದ ಅಧ್ಯಯನದ ಫಲವನ್ನು ಪ್ರಕಟಿಸಿದರು. ಹೆಚ್ಚಿನವರಲ್ಲಿ ಮೈಬಿಗಿತ ಮರುಕಳಿಸಲಿಲ್ಲ. ಎಂದರೆ, ಬಹುಮಂದಿ ತಮಗೆ ಬೇಡವಾದ ಔಷಧವನ್ನು ವರ್ಷಗಟ್ಟಲೆ ನುಂಗುತ್ತಿದ್ದರು. ಇದು ಕೂಡ ಔಷಧದ ದುರುಪಯೋಗವೇ ಸರಿ. ಆದರೆ ವೈದ್ಯಪತ್ರಿಕೆಗಳಲ್ಲಿ ಇದಕ್ಕೆ 'ಅತಿಬಳಕೆ'ಯೆಂಬ ಮೃದುವಾದ ಹೆಸರು ದೊರೆಯಿತು. ಅದೇ ಗುಳಿಗೆ ವೈದ್ಯನ ಇಚ್ಛೆಯಿಂದ ಅನಗತ್ಯವಾಗಿ ಸೇವಿತವಾದರೆ ಒಂದು ಹೆಸರು, ರೋಗಿಯ ಇಚ್ಛೆಯಿಂದ ಸೇವಿತವಾದರೆ ಇನ್ನೊಂದು ಹೆಸರು ಎಂಬ ಈ ಭೇದವನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು.

ಅನಗತ್ಯ ಸೇವನೆಯಿಂದ ಹಾನಿಯಿಲ್ಲವೆಂಬ ಸಮಾಧಾನಕ್ಕೂ ಆಸ್ಪದವಿಲ್ಲ. ಅಸಿಟೈಲ್‌ಕೋಲಿನ್ನನ್ನು ತಡೆದರೆ ನೆನಪಿನ ಶಕ್ತಿ ಕುಂದುತ್ತದೆಂದು ಡ್ರಾಕ್ಮನ್ ಮತ್ತು ಲೆವಿಟ್ ಎಂಬವರು ಆರೋಗ್ಯವಂತರಾದ ತರುಣರಲ್ಲಿ ಸ್ಕೊಪೊಲಮೀನನ್ನು ಪ್ರಯೋಗಿಸಿ ೧೯೭೪ರಲ್ಲಿ ತೋರಿಸಿದರು. ಸ್ಕಿಜೊಫ್ರೀನಿಯದ ರೋಗಿಗಳಲ್ಲಿ ಮೊದಲೇ ನೆನಪು ಗಮನಗಳು ದುರ್ಬಲವಾಗಿರುವುದರಿಂದ ಅವರಿಗೆ ಈ ನಷ್ಟ ಇಮ್ಮಡಿಯಾದುದು. ಮುಖ್ಯೌಷಧದ ದೀರ್ಘಸೇವನೆಯಿಂದ ಬಾಯಿ ನಾಲಿಗೆಗಳು ತಾವಾಗಿಯೇ ಆಡುವ ವಿಕಾರವೊಂದು ಕೆಲವರಲ್ಲಿ ತಲೆದೋರುತ್ತದೆ. ಪರಿಹಾರೌಷಧವು ಅದನ್ನು ಶಮನಮಾಡದೆ, ಅನೇಕ ವೇಳೆ ಹೆಚ್ಚಿಸುತ್ತದೆ. ವೃದ್ಧರಲ್ಲಿ ಪ್ರಬಲವಾದ ಆಂಟಿಕೋಲಿನರ್ಜಿಕ್ ಔಷಧಗಳ ಬಹುಕಾಲದ ಸೇವನೆಗೂ ಬುದ್ಧಿಕ್ಷಯಕ್ಕೂ ಸಂಬಂಧ ಕಂಡುಬರುತ್ತದೆಂದು ೨೦೧೫ರಲ್ಲಿ ಅಮೆರಿಕದಿಂದ ಪ್ರಕಟವಾದ ದೊಡ್ಡ ಅಧ್ಯಯನವೊಂದು ತಿಳಿಸಿದೆ. ಆದರೆ ಸಂಬಂಧವೆಂಬುದು ಕಾರಣವೆಂಬುದಕ್ಕೆ ಸಮಾನವಲ್ಲವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

೧೯೯೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಡನೆ ಸಹಕರಿಸುವ ಕೇಂದ್ರಗಳ ಮುಖ್ಯಸ್ಥರು ಬ್ರಿಟಿಷ್ ಮನೋವೈದ್ಯ ಪತ್ರಿಕೆಯಲ್ಲಿ ಒಮ್ಮತದ ಹೇಳಿಕೆಯೊಂದನ್ನು ಪ್ರಕಟಿಸಿದರು. ಪರಿಹಾರೌಷಧವನ್ನು ಮುನ್ನೆಚ್ಚರಿಕೆಯೆಂದು ಎಲ್ಲರಿಗೂ ಕೊಡುವುದು ಯುಕ್ತವಲ್ಲ. ಚಿಕಿತ್ಸೆಯ ಆರಂಭದಲ್ಲಿ ಅಗತ್ಯವಾದರೆ ಕೊಟ್ಟು ಅನಂತರ ಪುನಃ ಪರಿಶೀಲಿಸಬೇಕು. ಕಂಪವಾತದ ಲಕ್ಷಣಗಳು ನಿಜವಾಗಿ ಕಂಡು, ಮುಖ್ಯೌಷಧದ ಪ್ರಮಾಣವನ್ನು ತಗ್ಗಿಸುವುದೇ ಮೊದಲಾದ ಕ್ರಮಗಳು ವಿಫಲವಾದಾಗ ಮಾತ್ರ ಮುಂದುವರಿಸಬೇಕು ಎಂಬುದು ಅದರ ತಾತ್ಪರ್ಯ. ೧೯೯೦ರ ದಶಕದಲ್ಲಿ ರಿಸ್ಪೆರಿಡೋನ್, ಒಲಾನ್ಜಪಿನ್ ಮೊದಲಾದ ಹೊಸ ಔಷಧಗಳು ಬಳಕೆಗೆ ಬಂದುವು. ಇವು ಸಾಮಾನ್ಯ ಪ್ರಮಾಣದಲ್ಲಿ ಮೈಬಿಗಿತವನ್ನು ಕಡಮೆಯಾಗಿ ತರುತ್ತವಾದುದರಿಂದ ಪರಿಹಾರೌಷಧದ ಅಗತ್ಯ ತಾನಾಗಿ ಮಾಯವಾಗಬಹುದೆಂದು ಹಲವರು ಆಶಿಸಿದರು. ಆದರೆ ಭಾರತದಲ್ಲಿ ರಿಸ್ಪೆರಿಡೋನ್ ಮತ್ತು ಟ್ರೈಹೆಕ್ಸಿಫೆನಿಡಿಲ್‌ಗಳನ್ನು ಕೂಡಿಸಿದ ಗುಳಿಗೆಗಳೇ ಪೇಟೆಗೆ ಬಂದಿವೆ. ಹೊಸ ಔಷಧವು ಹಳೆಯ ವಾಡಿಕೆಯನ್ನು ಅಳಿಸಿಲ್ಲ.

೭

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳನ್ನು ಮಾಡಬಹುದು. ಮೊದಲನೆಯದಾಗಿ, ಈ ದುರುಪಯೋಗ ಅನಿರೀಕ್ಷಿತವಾದುದಲ್ಲ. ಉನ್ಮತ್ತವೆಂದು ಪ್ರಾಚೀನರು ಹೆಸರಿಟ್ಟ ದ್ರವ್ಯದ ಸಂತತಿಯನ್ನು, ಚಿತ್ತದ ಸಮತೋಲವನ್ನು ಕಳೆದುಕೊಂಡವರ ಕೈಯಲ್ಲಿಯೇ ಇರಿಸಿ, ಅದರಿಂದ ಚಿತ್ತಕ್ಕೆ ಯಾವ ಪರಿಣಾಮವೂ ಆಗದೆಂದು ನಂಬಿದುದೇ ಆಶ್ಚರ್ಯ. ಎರಡನೆಯದಾಗಿ, ಇದರ ಬೇರು ರೋಗಿಯ ಸ್ವಭಾವದಲ್ಲಿ ಮಾತ್ರ ಇರಲಿಲ್ಲ. ಹೆಚ್ಚು ಪ್ರಮಾಣದ ಮುಖ್ಯೌಷಧ, ಅದರ ಉಪದ್ರವವನ್ನು ಇನ್ನೊಂದು ಔಷಧದಿಂದ ಮುಚ್ಚುವ ವಾಡಿಕೆ, ಒಮ್ಮೆ ಬರೆದ ಚೀಟಿಯನ್ನು ಮರುಪರಿಶೀಲಿಸದ ಉದಾಸೀನ, ಇವು ಮೂರೂ ಸೇರಿ ಅದಕ್ಕೆ ನೆಲವನ್ನು ಹದಮಾಡಿದುವು. ಮೂರನೆಯದಾಗಿ, ರೋಗಿಯ ಬೇಡಿಕೆಯನ್ನು ಮೊದಲೇ ವ್ಯಸನವೆಂದು ನಿರ್ಣಯಿಸುವುದೂ, ಮೊದಲೇ ಸಂಕಟವೆಂದು ಒಪ್ಪುವುದೂ ಸಮಾನವಾಗಿ ಅಪಾಯಕರ. ಅವನ ಕಾಲು ಏಕೆ ಆಡುತ್ತಿದೆ, ಅವನು ಏಕೆ ಮಾತನಾಡುತ್ತಿಲ್ಲ, ಗುಳಿಗೆ ನುಂಗಿದ ಮೇಲೆ ಅವನಿಗೆ ಏನಾಗುತ್ತದೆ ಎಂದು ಕೇಳಿ ತಿಳಿಯದ ಹೊರತು ಯಾವ ನಿರ್ಣಯಕ್ಕೂ ಆಧಾರವಿಲ್ಲ.

ಗುಳಿಗೆಯನ್ನು ಥಟ್ಟನೆ ನಿಲ್ಲಿಸಿಬಿಡುವುದು ಇದಕ್ಕೆ ಪರಿಹಾರವಲ್ಲವೆಂಬುದನ್ನೂ ಹೇಳಬೇಕು. ಬಹುಕಾಲ ಸೇವಿಸಿದವರಲ್ಲಿ ಹಠಾತ್ತಾಗಿ ನಿಲ್ಲಿಸಿದರೆ ಆತಂಕ, ನಿದ್ರಾಭಂಗ, ವಾಕರಿಕೆ, ಮೈಗೆ ಹಿತವಿಲ್ಲದಿರುವಿಕೆಗಳು ತೋರುತ್ತವೆ. ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸುವುದು, ಜೊತೆಗೆ ಮುಖ್ಯೌಷಧದ ಪ್ರಮಾಣವನ್ನೂ ಆಯ್ಕೆಯನ್ನೂ ಪುನಃ ವಿಚಾರಿಸುವುದು, ಇಂದು ಒಪ್ಪಿತವಾಗಿರುವ ಮಾರ್ಗ. ಕಂಪವಾತದ ರೋಗಿಗೂ, ಔಷಧದಿಂದ ಕತ್ತು ದವಡೆಗಳು ಹಠಾತ್ತಾಗಿ ಸೆಟೆದುಕೊಂಡವನಿಗೂ ಈ ವರ್ಗದ ಔಷಧಗಳು ಇಂದಿಗೂ ಉಪಕಾರಿಗಳೆಂಬುದನ್ನು ಮರೆತು ಅವನ್ನು ಸಾರಾಸಗಟಾಗಿ ನಿಂದಿಸುವುದು ಸಲ್ಲದು.

ಮನೋವೈದ್ಯದ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ೧೯೫೨ನ್ನು ವಿಮೋಚನೆಯ ವರ್ಷವೆಂದು ಕೊಂಡಾಡುತ್ತಾರೆ. ಆ ಪ್ರಶಂಸೆ ಅಕಾರಣವಾದುದಲ್ಲ. ಸರಪಣಿ ಕೋಣೆಗಳಿಂದ ಅಸಂಖ್ಯಾತರು ಹೊರಬಂದುದು ಆ ಔಷಧಗಳ ನೆರವಿನಿಂದಲೇ. ಆದರೆ ಆ ವಿಮೋಚನೆಯ ಬೆಲೆಯನ್ನು ತಮ್ಮ ಮೈಯಲ್ಲಿ ತೆತ್ತವರು ರೋಗಿಗಳು. ಆ ಬೆಲೆ ಎಷ್ಟೆಂದು ಹೇಳಲು ಅವರಿಗೆ ದೊರೆತ ಅವಕಾಶ ಅಲ್ಪವಾದುದು. ಪರಿಹಾರದ ಗುಳಿಗೆಗಾಗಿ ಅವರು ಮತ್ತೆ ಮತ್ತೆ ಚಾಚಿದ ಕೈಯನ್ನು ವೈದ್ಯಪತ್ರಿಕೆಗಳು ದುರುಪಯೋಗದ ಸಾಕ್ಷ್ಯವೆಂದು ದಾಖಲಿಸಿವೆ. ಆ ದಾಖಲೆಗಳನ್ನೇ ಇಂದು ಮರಳಿ ಓದುವಾಗ, ಅವುಗಳಲ್ಲಿ ಬೆಲೆಯ ಲೆಕ್ಕವೂ ಕಾಣಸಿಗುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಲಕ್ಷಿಸುವುದು ಉಚಿತ.